ಉಪ್ಪಿನ ಪಂಚಾಂಗ: ಅಘನಾಶಿನಿಯ ಅಳಿವೆ ನಡೆಯುವ ಬಗೆ

ಕುಮಟಾದಿಂದ ಅಂಕೋಲೆಯ ಕಡೆಗೆ ಹೋಗುವ ಹೆದ್ದಾರಿ ದಿವಗಿಯಲ್ಲಿ ಅಘನಾಶಿನಿಯನ್ನು ದಾಟುತ್ತದೆ. ಮೇ ತಿಂಗಳಲ್ಲಿ ಉಬ್ಬರದ ಹೊತ್ತಿಗೆ ಸೇತುವೆಯ ಬುಡಕ್ಕಿಳಿದು ಒಂದು ಗುಟುಕು ನೀರು ಬಾಯಿಗಿಟ್ಟರೆ ಉಗುಳಬೇಕು, ಅಷ್ಟು ಉಪ್ಪು. ಜುಲೈ ನಡುವೆ ಅದೇ ಜಾಗಕ್ಕೆ ಬಂದರೆ ನೀರು ಕೆಂಪಗೆ ಕದಡಿ ಓಡುತ್ತಿರುತ್ತದೆ, ರುಚಿ ಪೂರ್ತಿ ಚಪ್ಪೆ. ಎರಡು ತಿಂಗಳ ಅಂತರದಲ್ಲಿ ಒಂದೇ ಜಾಗ ಕಡಲೂ ಆಗಿ ಹೊಳೆಯೂ ಆಗುತ್ತದೆ. ಅಘನಾಶಿನಿಯ ಅಳಿವೆಯನ್ನು ಅರ್ಥ ಮಾಡಿಕೊಳ್ಳಲು ಈ ಏರಿಳಿತವನ್ನೇ ಹಿಡಿದು ಹೊರಡಬೇಕು. ಇಲ್ಲಿನ ಕಗ್ಗ ಭತ್ತದ ಗದ್ದೆ, ಸಾಣಿಕಟ್ಟಾದ ಉಪ್ಪು, ದಡದ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು, ಕೆಸರಿನೊಳಗಿನ ಬೆಳಚು ಎಂಬ ಚಿಪ್ಪುಜೀವಿ, ಎಲ್ಲವೂ ಯಾವ ತಿಂಗಳಲ್ಲಿ ಎಷ್ಟು ಉಪ್ಪು ಎಂಬ ಲೆಕ್ಕದ ಮೇಲೆಯೇ ನಿಂತಿವೆ.

ಅಳಿವೆ ಎಂದರೆ ಕರಾವಳಿಯ ಮಾತಿನಲ್ಲಿ ನದಿ ಕಡಲು ಸೇರುವ ಬಾಯಿ. ಈ ಬರಹದಲ್ಲಿ ಆ ಬಾಯಿಯ ಜೊತೆಗೆ ಉಬ್ಬರದ ನೀರು ಒಳನಾಡಿನಲ್ಲಿ ಮುಟ್ಟುವ ಕೊನೆಯವರೆಗಿನ ಇಡೀ ಪ್ರದೇಶವನ್ನೂ ಅದೇ ಹೆಸರಿನಿಂದ ಕರೆದಿದ್ದೇವೆ.

ಗಟ್ಟದ ಮೇಲಿನಿಂದ ಕಡಲಿನವರೆಗೆ

ಅಘನಾಶಿನಿ ಸಣ್ಣ ನದಿ, ಉದ್ದ ಸುಮಾರು 120 ಕಿ.ಮೀ. ಹುಟ್ಟುವುದು ಶಿರಸಿ ತಾಲೂಕಿನಲ್ಲಿ, ಎರಡು ಕವಲಾಗಿ. ಮಂಜುಗುಣಿಯ ಕಡೆಯಿಂದ ಬರುವ ಬಕುರಹೊಳೆ ಒಂದು, ಶಿರಸಿಯ ಶಂಕರಹೊಂಡದ ಕಡೆಯಿಂದ ಬರುವ ದೋಣಿಹಳ್ಳ ಇನ್ನೊಂದು. ಮುತ್ತಳ್ಳಿಯ ಹತ್ತಿರ ಎರಡೂ ಕೂಡುತ್ತವೆ. ಅಲ್ಲಿಂದ ಸಿದ್ದಾಪುರದ ಅಡಿಕೆ ತೋಟಗಳನ್ನೂ ಗದ್ದೆಗಳನ್ನೂ ಹಾದು ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅದರ ಮೊರೆತದ ಎದುರು ಬೇರೇನೂ ಕೇಳಿಸುವುದಿಲ್ಲವೆಂದು ಊರವರು ಕೆಪ್ಪಜೋಗ ಎಂದೇ ಕರೆಯುತ್ತಾರೆ. ಧುಮುಕಿದ ಮೇಲೆ ನದಿ ಆಳವಾದ ಕಾಡುಕಣಿವೆಯಲ್ಲಿ ಪಶ್ಚಿಮಕ್ಕೆ ಸಾಗಿ, ಉಪ್ಪಿನಪಟ್ಟಣದ ಹತ್ತಿರ ಚಂಡಿಕಾ ಹೊಳೆಯನ್ನು ಸೇರಿಸಿಕೊಂಡು, ದಿವಗಿ–ಮಿರ್ಜಾನದ ಬಯಲಿಗೆ ಬಂದು ಅಗಲವಾಗುತ್ತದೆ. ಉತ್ತರ ದಡದ ತದಡಿ ಮತ್ತು ದಕ್ಷಿಣ ದಡದ ಅಘನಾಶಿನಿ ಗ್ರಾಮದ ನಡುವಿನ ಕಿರಿದಾದ ಬಾಯಿಯಿಂದ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ.

ಈ ದಾರಿಯಲ್ಲಿ ಮುಖ್ಯವಾದದ್ದು ಅದರ ಇಳಿಜಾರು. ಗಟ್ಟದ ಮೇಲೆ ನದಿ ನಿಧಾನ, ಗಟ್ಟದಲ್ಲಿ ರಭಸ, ಕೆಳಗೆ ಮತ್ತೆ ನಿಧಾನ. ಗಟ್ಟದ ಬುಡ ಸಮುದ್ರಕ್ಕೆ ತೀರಾ ಹತ್ತಿರವಿರುವುದರಿಂದ ಬಯಲಿನ ಹರಿವು ಬಹಳ ಗಿಡ್ಡ. ಕರಾವಳಿಯ ಈ ಭಾಗದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಟ್ಟದಲ್ಲಿ ರಾತ್ರಿ ಬಿದ್ದ ಮಳೆ ಬಹುಬೇಗ ಕೆಳಗಿಳಿದು ಅಳಿವೆಯನ್ನು ತುಂಬುತ್ತದೆ. ನವೆಂಬರ್ ಕಳೆದರೆ ಹರಿವು ಸೊರಗುತ್ತಾ ಹೋಗಿ ಏಪ್ರಿಲ್–ಮೇ ಹೊತ್ತಿಗೆ ಮೇಲಿನಿಂದ ಬರುವುದು ಕಾಡು ಹಿಡಿದಿಟ್ಟು ಬಿಟ್ಟುಕೊಡುವಷ್ಟು ಮಾತ್ರ. ಇಷ್ಟಾದರೂ ಬರುತ್ತಿರುವುದಕ್ಕೆ ಗಟ್ಟದ ಕಾಡು ಮತ್ತು ಅಲ್ಲಿನ ರಾಮಪತ್ರೆ ಜಡ್ಡಿಗಳಿಗೆ ಋಣಿಯಾಗಿರಬೇಕು. ಸದಾ ನೀರು ಜಿನುಗುವ ಈ ಜೌಗುಕಾಡುಗಳ ಒಂದು ಭಾಗ 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶದಲ್ಲಿದೆ.

ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ, ವಿದ್ಯುದಾಗಾರವೂ ಇಲ್ಲ. ಹಾಗಾಗಿ ಮಳೆಗಾಲದ ಭಾರೀ ಹರಿವೂ ಬೇಸಿಗೆಯ ಕ್ಷೀಣ ಹರಿವೂ ಬಹುಮಟ್ಟಿಗೆ ಯಾರ ಕೈಯೂ ತಾಗದೆ ಅಳಿವೆಗೆ ತಲುಪುತ್ತವೆ. ಇದರಿಂದ ಏನಾಗುತ್ತದೆ ಎಂಬುದು ಪಕ್ಕದ ಶರಾವತಿಯ ಜೊತೆ ಇಟ್ಟು ನೋಡಿದಾಗ ಚೆನ್ನಾಗಿ ತಿಳಿಯುತ್ತದೆ. ಆ ಮಾತು ಕೊನೆಗೆ ಬರುತ್ತದೆ.

ಉಬ್ಬರ ಎಷ್ಟು, ಯಾವಾಗ

ಕರ್ನಾಟಕದ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇವತ್ತು ಬೆಳಿಗ್ಗೆ 9ಕ್ಕೆ ನೀರು ಏರಿ ನಿಂತಿದ್ದರೆ ನಾಳೆ ಸುಮಾರು 9.50ಕ್ಕೆ, ನಾಡಿದ್ದು 10.40ಕ್ಕೆ. ಒಂದೇ ದಿನದ ಎರಡು ಉಬ್ಬರಗಳು ಒಂದೇ ಎತ್ತರದವಲ್ಲ. ಒಂದು ದೊಡ್ಡದು, ಇನ್ನೊಂದು ಸಣ್ಣದು. ಗಜನಿಯ, ಅಂದರೆ ಕಗ್ಗ ಬೆಳೆಯುವ ಉಪ್ಪುನೆಲದ ಗದ್ದೆಯ, ಒಡ್ಡು ಕಟ್ಟುವವರು ಈ ದೊಡ್ಡ ಉಬ್ಬರಕ್ಕೆ ಲೆಕ್ಕ ಹಾಕಬೇಕು. ಸಣ್ಣದನ್ನು ನೋಡಿ ಕಟ್ಟಿದ ಒಡ್ಡಿನ ಮೇಲೆ ಅದೇ ರಾತ್ರಿ ನೀರು ಹತ್ತಬಹುದು.

ಅಮಾವಾಸ್ಯೆ ಮತ್ತು ಹುಣ್ಣಿಮೆಯ ಮರುದಿನ, ಅದರಾಚೆ ದಿನ ಉಬ್ಬರ ಅತಿ ಎತ್ತರ, ಇಳಿತ ಅತಿ ಆಳ. ಅಷ್ಟಮಿಯ ಆಸುಪಾಸು ಎರಡೂ ಮಂದ. ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ಸಿಗುತ್ತದೆ. ಆದರೆ ಅದರಲ್ಲಿರುವ ಹೊತ್ತು ತೆರೆದ ಕಡಲಿನದು. ಅಳಿವೆಯ ಬಾಯಿಯಿಂದ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ, ಏರುವ ಅವಧಿ ಗಿಡ್ಡವಾಗುತ್ತದೆ, ಇಳಿಯುವ ಅವಧಿ ಉದ್ದವಾಗುತ್ತದೆ. ತಳದ ತಿಕ್ಕಾಟವೂ ಮೇಲಿನಿಂದ ಒತ್ತುವ ಹೊಳೆಯೂ ಇದಕ್ಕೆ ಕಾರಣ. ನಿಮ್ಮ ಜಾಗದ ತಡ ಎಷ್ಟೆಂದು ತಿಳಿಯಲು ಸುಲಭ ದಾರಿ: ದಡದಲ್ಲಿ ಗುರುತು ಮಾಡಿದ ಒಂದು ಬಿದಿರಿನ ಗಳ ನೆಟ್ಟು, ನೀರು ಏರಿ ನಿಂತ ಹೊತ್ತನ್ನು ಒಂದು ಪಕ್ಷ ಬರೆದಿಟ್ಟು, ಅದರಿಂದ ಪಟ್ಟಿಯ ಹೊತ್ತನ್ನು ಕಳೆಯುವುದು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಈ ಲೆಕ್ಕ ಕೆಡುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಮಾಡಿ.

ಉಬ್ಬರ ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಮತ್ತೆ 2, ಕೊನೆಗೆ 1. ಒಟ್ಟು 1.8 ಮೀಟರ್ ಏರುವ ದಿನವಾದರೆ ಗಂಟೆಗಂಟೆಗೆ 15, 30, 45, 45, 30, 15 ಸೆಂ.ಮೀ. ಬೆಳಚು ಆರಿಸಲು ದೂರದ ದಿಬ್ಬಕ್ಕೆ ನಡೆದು ಹೋದವರು ಇಳಿತ ಮುಗಿದು ಎರಡನೇ ಗಂಟೆ ತುಂಬುವ ಮೊದಲೇ ಹಿಂದಿರುಗಲು ಹೊರಡುವುದು ಇದೇ ಕಾರಣಕ್ಕೆ. ಮೊದಲ ಗಂಟೆ ನೀರು ಅಲ್ಲಾಡಿದ ಹಾಗೇ ಕಾಣುವುದಿಲ್ಲ, ಮೂರನೆಯದರಲ್ಲಿ ಮೊಳಕಾಲಿದ್ದದ್ದು ಸೊಂಟಕ್ಕೆ ಬರುತ್ತದೆ.

ಕೆಳಗೆ ಕಡಲು, ಮೇಲೆ ಹೊಳೆ

ಅಳಿವೆಯ ನೀರು ಸಕ್ಕರೆ ಕಲಸಿದ ಹಾಗೆ ತಾನಾಗಿ ಒಂದಾಗುತ್ತದೆ ಎಂದುಕೊಳ್ಳುವುದು ಸಹಜ. ಹಾಗಾಗುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ, ಅದರಿಂದ ಅದು ಸಿಹಿನೀರಿಗಿಂತ ಶೇ. 2.5ರಷ್ಟು ಭಾರ. ಈ ಸಣ್ಣ ವ್ಯತ್ಯಾಸ ಸಾಕು. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಉಪ್ಪು ಹಾಕಿ ಕರಗಿಸಿ, ಕುಂಕುಮವೋ ಶಾಯಿಯೋ ಬೆರೆಸಿ ಬಣ್ಣ ಮಾಡಿ. ಉದ್ದನೆಯ ಗಾಜಿನ ಪಾತ್ರೆಯಲ್ಲಿ ಅರ್ಧದಷ್ಟು ಸಿಹಿನೀರು ತುಂಬಿ, ಬಣ್ಣದ ನೀರನ್ನು ತಳ ಮುಟ್ಟುವ ಕೊಳವೆಯಿಂದ ನಿಧಾನವಾಗಿ ಬಿಡಿ. ಬಣ್ಣದ ನೀರು ತಳದಲ್ಲಿ ಹಾಸಿಕೊಂಡು ಕೂರುತ್ತದೆ, ಸಿಹಿನೀರು ಅದರ ಮೇಲೆ ಎದ್ದು ನಿಲ್ಲುತ್ತದೆ. ನಡುವಿನ ಗೆರೆ ಎಷ್ಟೋ ಹೊತ್ತು ಅಳಿಸುವುದಿಲ್ಲ. ಪಾತ್ರೆಯನ್ನು ಅಲ್ಲಾಡಿಸಿದರೆ ಮಾತ್ರ ಕಲೆಯುತ್ತದೆ.

ಅಳಿವೆಯಲ್ಲಿ ಅಲ್ಲಾಡಿಸುವ ಕೆಲಸ ಉಬ್ಬರದ್ದು, ಪದರ ಹಿಡಿದಿಡುವ ಕೆಲಸ ಹೊಳೆಯದ್ದು. ಜುಲೈನಲ್ಲಿ ಹೊಳೆ ಗೆಲ್ಲುತ್ತದೆ: ಮೇಲೆ ಕೆಂಪು ಸಿಹಿನೀರು ಕಡಲಿನತ್ತ ಓಡುತ್ತಿದ್ದರೆ, ಬಾಯಿಯ ಹತ್ತಿರ ತಳದಲ್ಲಿ ಉಪ್ಪುನೀರು ಬೆಣೆಯ ಹಾಗೆ ಒಳಕ್ಕೆ ಚಾಚಿರುತ್ತದೆ, ಒಳಗೆ ಹೋದಷ್ಟೂ ತೆಳುವಾಗುತ್ತದೆ. ಭಾರೀ ನೆರೆಯಲ್ಲಿ ಆ ಬೆಣೆಯೂ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ಎರಡೂ ಸಮಬಲ, ನೀರು ಅರ್ಧಂಬರ್ಧ ಕಲೆತಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ಉಬ್ಬರದ್ದೇ ಕಾರುಬಾರು: ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಉಪ್ಪು, ಅದು ಒಳನಾಡಿನತ್ತ ಏರುತ್ತಾ ಹೋಗುತ್ತದೆ. ಕುಮಟಾ, ಹೊನ್ನಾವರ ಪಟ್ಟಣಗಳಿಗೆ ಕುಡಿಯುವ ನೀರನ್ನು ಉಬ್ಬರದ ಕೈಗೆ ಸಿಗದ ಮರಾಕಲ್ಲಿನಲ್ಲಿ ಎತ್ತುವುದರ ಗುಟ್ಟು ಇಷ್ಟೇ.

ಉಪ್ಪು ಅಳೆಯುವವರು ಮಾಡುವ ಸಾಮಾನ್ಯ ತಪ್ಪು ಮೇಲಿನ ನೀರನ್ನಷ್ಟೇ ತುಂಬಿಸಿಕೊಳ್ಳುವುದು. ಕಿರಿದಾದ ಬಾಯಿಯ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ತಳಕ್ಕೆ ಇಳಿಸಿ, ಅಲ್ಲಿ ಬಿರಡೆಯ ದಾರ ಎಳೆದರೆ ತಳದ ನೀರು ಸಿಗುತ್ತದೆ. ಎರಡೂ ಬಾಟಲಿ ಜೊತೆಗಿಟ್ಟು ನೋಡದೆ, ಉಬ್ಬರದ ಯಾವ ಹೊತ್ತಿನಲ್ಲಿ ತುಂಬಿದ್ದು ಎಂದು ಬರೆಯದೆ, ಅಳಿವೆಯ ಉಪ್ಪು ಇಷ್ಟು ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಕೆಸರು ಎಲ್ಲಿಂದ ಬಂತು ಎನ್ನುವುದಕ್ಕೂ ಉಪ್ಪೇ ಉತ್ತರ. ಹೊಳೆ ತರುವ ಜೇಡಿಯ ಕಣ ಎರಡು ಮೈಕ್ರಾನಿನಷ್ಟು ಸಣ್ಣದು. ನಿಂತ ನೀರಿನಲ್ಲಿಯೂ ಅದು ಒಂದು ಮೀಟರ್ ಕೆಳಗಿಳಿಯಲು ಮೂರು ದಿನಕ್ಕೂ ಹೆಚ್ಚು ಬೇಕು. ಆರು ಗಂಟೆಗೊಮ್ಮೆ ದಿಕ್ಕು ಬದಲಿಸುವ ನೀರಿನಲ್ಲಿ ಅದು ತಳ ಮುಟ್ಟುವುದುಂಟೇ? ಆದರೆ ಈ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂಡುತ್ತಿರುತ್ತವೆ. ಉಪ್ಪುನೀರು ತಾಗಿದ ಕೂಡಲೇ ಅದರ ಲವಣಾಂಶ ಆ ದೂಡುವಿಕೆಯನ್ನು ಮಂದ ಮಾಡುತ್ತದೆ, ಕಣಗಳು ಒಂದಕ್ಕೊಂದು ಅಂಟಿ ಹತ್ತಿಯ ಉಂಡೆಯಂತಾಗಿ ಬೇಗನೆ ಇಳಿಯುತ್ತವೆ. ಸಿಹಿ–ಉಪ್ಪು ಸಂಧಿಸುವ ಜಾಗದಲ್ಲೇ ಕೆಸರು ಹೆಚ್ಚು ಕೂಡುವುದು ಹೀಗೆ. ಕೊನೆಯ ಹಿಮಯುಗ ಮುಗಿದು ಸಮುದ್ರದ ಮಟ್ಟ ನೂರಕ್ಕೂ ಹೆಚ್ಚು ಮೀಟರ್ ಏರಿದಾಗ ಮುಳುಗಿದ ನದೀಕಣಿವೆಗಳು ಸಾವಿರಾರು ವರ್ಷ ಹೀಗೆಯೇ ಕೆಸರು ತುಂಬಿಕೊಂಡು ಇಂದಿನ ಬಯಲುಗಳಾದವು. ಐಗಳಕುರ್ವೆಯಂಥ ಕುರ್ವೆಗಳು (ನದಿಯ ನಡುಗಡ್ಡೆಗಳು), ಇಳಿತದಲ್ಲಿ ಮಾತ್ರ ತಲೆ ಎತ್ತುವ ದಿಬ್ಬಗಳು, ಗಜನಿಯ ಹರವು, ಎಲ್ಲವೂ ಹೊಳೆ ತಂದು ಹಾಸಿದ ಮಣ್ಣೇ.

ಗಜನಿ: ಆರು ತಿಂಗಳು ಗದ್ದೆ, ಆರು ತಿಂಗಳು ಕಡಲು

ಉಬ್ಬರದ ನೀರು ಹತ್ತಿ ಇಳಿಯುವ ಕೆಸರುಬಯಲಿಗೆ ಒಡ್ಡು ಹಾಕಿ ಮಾಡಿದ ಗದ್ದೆಯೇ ಗಜನಿ. ಇಲ್ಲಿ ಬೆಳೆಯುವುದು ಕಗ್ಗ. ಉಪ್ಪನ್ನೂ ಮುಳುಗಡೆಯನ್ನೂ ತಾಳುವ, ಆಳೆತ್ತರಕ್ಕೆ ಬೆಳೆಯುವ ಈ ಭತ್ತವನ್ನು ಮಾಣಿಕಟ್ಟಾದ ರೈತರು ಇಂದಿಗೂ ಒಟ್ಟಾಗಿ ಬೆಳೆಯುತ್ತಾರೆ. ಒಡ್ಡಿನ ನಡುವೆ ನೀರು ಬಿಡುವ ಬಾಗಿಲು ಇರುತ್ತದೆ, ಅದನ್ನು ಜಂತ್ರಡಿ ಎನ್ನುತ್ತಾರೆ: ಎರಡು ಬದಿಯ ಕಂಬಗಳಲ್ಲಿ ಉದ್ದಕ್ಕೆ ಕಚ್ಚು ಕೊರೆದು, ಅದರೊಳಗೆ ಹಲಗೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಇಡೀ ಗಜನಿಯ ಬೇಸಾಯ ಆ ಹಲಗೆಗಳನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದರಲ್ಲಿದೆ.

ಬೇಸಿಗೆಯ ಕೊನೆಯಲ್ಲಿ ಇಳಿತದ ಹೊತ್ತು ನೋಡಿ ಗದ್ದೆಯ ನೀರನ್ನೆಲ್ಲ ಹೊರಗೆ ಬಿಟ್ಟು ಬಾಗಿಲು ಮುಚ್ಚುತ್ತಾರೆ. ನೆಲ ಒಣಗಿದ ಮೇಲೆ ಅಗೆದು ಹೆಂಟೆ ಮಾಡಿ ಬಿಡುತ್ತಾರೆ. ಹೆಂಟೆಯ ಮೈ ದೊಡ್ಡದಾದಷ್ಟೂ ಮಳೆ ಒಳಗಿಳಿದು ಉಪ್ಪು ತೊಳೆಯುವುದು ಸುಲಭ. ಜೂನ್‌ನ ಮೊದಲ ಮಳೆಗಳು ಬಿದ್ದಾಗ ನೀರು ಗದ್ದೆಯಲ್ಲಿ ನಿಲ್ಲುತ್ತದೆ, ಮಣ್ಣಿನ ಉಪ್ಪು ಅದಕ್ಕೆ ಕರಗಿ ಬರುತ್ತದೆ. ಹೊರಗೆ ಇಳಿತವಾಗಿ ನೀರಿನ ಮಟ್ಟ ಗದ್ದೆಗಿಂತ ಕೆಳಗೆ ಹೋದಾಗ ಬಾಗಿಲು ತೆರೆದು ಅದನ್ನು ಹೊರಹಾಕಬೇಕು, ಉಬ್ಬರ ತಿರುಗುವ ಮೊದಲು ಮುಚ್ಚಬೇಕು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮೇಲಿನ ಒಂದೆರಡು ಹಲಗೆ ಮಾತ್ರ ತೆಗೆದರೆ ಹೊರಟುಹೋಗುವುದು ಮಳೆಯ ಚಪ್ಪೆ ನೀರು. ಉಪ್ಪಿನ ಭಾರದ ನೀರು ತಳದಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲ ಕೆಲವು ಸಲ ಬಾಗಿಲನ್ನು ತಳದವರೆಗೂ ತೆರೆದು ಗದ್ದೆ ಬರಿದು ಮಾಡಬೇಕು. ಬೆಳೆ ನಿಂತ ಮೇಲೆ ಹೆಚ್ಚಾದ ನೆರೆನೀರು ಬಿಡಲು ಮೇಲಿನ ಹಲಗೆ ತೆಗೆದರೆ ಸಾಕು.

ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಅದರ ವಿದ್ಯುತ್ ವಾಹಕತೆ ಹೆಚ್ಚು. ಸಾಮಾನ್ಯ ಭತ್ತಕ್ಕೆ ಮಣ್ಣಿನ ನೀರಿನ ಈ ವಾಹಕತೆ ಮೀಟರಿಗೆ 3 ಡೆಸಿಸೀಮನ್ಸ್ ದಾಟಿದರೆ ಇಳುವರಿ ಇಳಿಯತೊಡಗುತ್ತದೆ. ಸಮುದ್ರದ ನೀರಿನದು 50ರ ಆಸುಪಾಸು. ಕಗ್ಗ ಸಾಮಾನ್ಯ ಭತ್ತಕ್ಕಿಂತ ಹೆಚ್ಚು ತಾಳುತ್ತದೆ, ಆದರೆ ಮೊಳಕೆಯಲ್ಲಿ ಅದೂ ಎಳೆಯದೇ. ನೆನೆಸಿ ಮೊಳಕೆ ಬರಿಸಿದ ಬೀಜವನ್ನು ಉಪ್ಪು ತೊಳೆದು ಹೋದ ಕೆಸರಿಗೆ ಬಿತ್ತುತ್ತಾರೆ. ಮುಂಗಾರು ತಡವಾದ ವರ್ಷ ಅವಸರ ಮಾಡಿ ಬಿತ್ತಿದರೆ ಸಸಿಯ ತುದಿ ಸುಟ್ಟಂತೆ ಬಿಳಿಚಿ ಸಾಯುತ್ತದೆ. ಕಾದು ಬಿತ್ತಿದರೆ ಬೆಳೆ ಹಿಂದುಬೀಳುತ್ತದೆ, ಮಳೆ ನಿಂತು ಹೊರಗಿನ ನೀರು ಉಪ್ಪಾಗುವ ಹೊತ್ತಿಗೆ ತೆನೆ ಇನ್ನೂ ಹಾಲಾಗಿರುತ್ತದೆ. ಸಂದು ಸಣ್ಣದು. ಗೊಬ್ಬರ ಬೇಕಿಲ್ಲ, ಔಷಧ ಬೇಕಿಲ್ಲ. ನೆರೆ ತರುವ ಮೆಕ್ಕಲೇ ಸಾಕು. ಅಕ್ಟೋಬರ್‌ನಿಂದ ಕಟಾವು. ತೆನೆ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ.

ಅಲ್ಲಿಂದ ಮುಂದೆ ಗಜನಿ ಕಡಲಿನ ಪಾಲು. ಉಬ್ಬರದಲ್ಲಿ ಬಾಗಿಲು ತೆರೆದರೆ ಉಪ್ಪುನೀರಿನ ಜೊತೆ ಸೀಗಡಿ ಮತ್ತು ಮೀನಿನ ಮರಿಗಳು ಒಳಬರುತ್ತವೆ. ಕೊಳೆಯುವ ಕಗ್ಗದ ಹುಲ್ಲೇ ಅವುಗಳ ಮೇವಿನ ಮೂಲ. ಮುಂದೆ ಇಳಿತದಲ್ಲಿ ಜಂತ್ರಡಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಗದ್ದೆ ಮೀನಿಗೆ ಹುಲ್ಲು ಕೊಟ್ಟರೆ ಮೀನಿನ ಹಿಕ್ಕೆ ಗದ್ದೆಗೆ ಸತ್ವ ಕೊಡುತ್ತದೆ. ಸೀಗಡಿಯ ಲಾಭಕ್ಕಾಗಿ ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿದ ಗಜನಿಗಳಲ್ಲಿ ಈ ಕೊಡುಕೊಳೆ ಕಡಿದುಹೋಯಿತು: ಮಣ್ಣು ತೊಳೆಯಲು ಮಳೆಗೆ ಅವಕಾಶವಿಲ್ಲ, ಕಗ್ಗ ಇಲ್ಲ, ಹುಲ್ಲಿಲ್ಲ. ಕಗ್ಗದ ಬೀಜ ಒಮ್ಮೆ ಊರಿನಿಂದ ಹೋದರೆ ಮರಳಿ ತರುವುದು ಎಷ್ಟು ಕಷ್ಟ ಎಂದು ಯೋಚಿಸಿದರೆ, ಅದನ್ನು ಇನ್ನೂ ಉಳಿಸಿಕೊಂಡಿರುವ ಮಾಣಿಕಟ್ಟಾದವರ ಮೇಲೆ ಗೌರವ ಹೆಚ್ಚುತ್ತದೆ.

ಒಡ್ಡು ಒಡೆಯುವುದು ಸಾಮಾನ್ಯವಾಗಿ ಅಲೆಯ ಹೊಡೆತಕ್ಕಿಂತ ಏಡಿಯ ಬಿಲದಿಂದ. ಬಿಲದಿಂದ ತೊಟ್ಟಿಕ್ಕುವ ನೀರು ಮಣ್ಣನ್ನು ಒಳಗಿಂದ ತಿನ್ನುತ್ತದೆ, ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ಒಂದು ರಾತ್ರಿ ಒಡ್ಡು ಕುಸಿಯುತ್ತದೆ. ಇಳಿತದಲ್ಲಿ ಒಡ್ಡಿನ ಹೊರಮೈ ನೋಡುತ್ತಾ ನಡೆದರೆ ಸೋರುವ ಜಾಗ ಒದ್ದೆಯಾಗಿ ಕಾಣುತ್ತದೆ. ಅಲ್ಲಿ ಮೇಲೆ ಮಣ್ಣು ಮೆತ್ತಿದರೆ ಪ್ರಯೋಜನವಿಲ್ಲ, ಬಿಲದ ಕೊನೆಯವರೆಗೆ ಅಗೆದು ಜೇಡಿ ತುಂಬಿ ತುಳಿಯಬೇಕು. ಹೊರಮೈಗೆ ಕಾಂಡ್ಲ ಇದ್ದರೆ ಅಲೆಯ ಹೊಡೆತ ಮೊದಲೇ ಮುರಿಯುತ್ತದೆ, ಬೇರುಗಳ ನಡುವೆ ಹೊಸ ಕೆಸರು ಕೂಡುತ್ತದೆ. ಕಾಂಡ್ಲದ ಬೀಜ ಮರದಲ್ಲೇ ಮೊಳೆತು ಉದ್ದನೆಯ ಕೋಲಿನಂತಾಗಿ ಬೀಳುವುದರಿಂದ ನೆಡುವುದು ಸುಲಭ. ನಾಲ್ಕರಲ್ಲಿ ಒಂದು ಪಾಲು ಕೆಸರಿಗೆ ಚುಚ್ಚಿದರೆ ಸಾಕು. ಪೂರ್ತಿ ಹೂತರೆ ಕೊಳೆಯುತ್ತದೆ, ಇಳಿತದಲ್ಲೂ ನೀರು ಬಿಡದ ಜಾಗದಲ್ಲಿ ನೆಟ್ಟರೆ ಉಸಿರು ಕಟ್ಟಿ ಸಾಯುತ್ತದೆ.

ಉಪ್ಪಿನ ಆಗರ ಮತ್ತು ಬೆಳಚು

ತದಡಿಯ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಉಬ್ಬರದ ನೀರನ್ನು ದೊಡ್ಡ ಕೆರೆಗೆ ತೆಗೆದುಕೊಂಡು, ಅಲ್ಲಿಂದ ಆಳ ಕಡಿಮೆಯಾದ ಮಡಿಗಳಿಗೆ ಸಾಗಿಸಿ ಬಿಸಿಲಿಗೆ ಆರಿಸುತ್ತಾರೆ. ಸಾವಿರ ಲೀಟರ್ ಸಮುದ್ರದ ನೀರಿನಲ್ಲಿ 35 ಕಿಲೋ ಲವಣ, ಅದರಲ್ಲಿ ಅಡುಗೆ ಉಪ್ಪು ಸುಮಾರು 27 ಕಿಲೋ. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದು 25 ಬೋಮೆ ಡಿಗ್ರಿ (ಉಪ್ಪುನೀರಿನ ಸಾಂದ್ರತೆಯ ಅಳತೆ) ಮುಟ್ಟಿದಾಗ ಉಪ್ಪು ಹರಳುಗಟ್ಟತೊಡಗುತ್ತದೆ. ಅದಕ್ಕೂ ಮೊದಲೇ ಜಿಪ್ಸಮ್ ಬೇರೆ ಮಡಿಯಲ್ಲಿ ಕೂತಿರಬೇಕು. 29–30 ಡಿಗ್ರಿ ದಾಟಲು ಬಿಟ್ಟರೆ ಮೆಗ್ನೀಸಿಯಮ್ ಲವಣಗಳು ಸೇರಿ ಉಪ್ಪು ಕಹಿಯಾಗುತ್ತದೆ, ಬೇಗ ಒಸರುತ್ತದೆ. ಹಾಗಾಗಿ ಅಷ್ಟರೊಳಗೆ ಉಳಿದ ಕಹಿನೀರನ್ನು ಹೊರಬಿಡಬೇಕು.

ಕೆರೆಗೆ ಬರುವ ನೀರೇ ಅರ್ಧ ಉಪ್ಪಿನದಾದರೆ ಅಷ್ಟೇ ಉಪ್ಪಿಗೆ ಎರಡರಷ್ಟು ನೀರು ಆರಬೇಕು, ಅಂದರೆ ಎರಡರಷ್ಟು ಬಿಸಿಲು ಅಥವಾ ಎರಡರಷ್ಟು ಜಾಗ. ಆಗರ ಬೇಸಿಗೆಯ ಕೆಲಸವಾದದ್ದು ಬಿಸಿಲಿಗಾಗಿ ಮಾತ್ರವಲ್ಲ, ಹೊಳೆ ಸೊರಗಿ ಅಳಿವೆಯಲ್ಲಿ ಕಡಲಿನ ಉಪ್ಪು ತುಂಬಿರುವುದಕ್ಕಾಗಿಯೂ. ಅಕಾಲದ ಮಳೆ ಎಂಥ ಪೆಟ್ಟು ಎಂಬ ಲೆಕ್ಕವೂ ಸರಳ: ಒಂದು ಸೆಂ.ಮೀ. ಮಳೆ ಎಂದರೆ ಚದರ ಮೀಟರಿಗೆ ಹತ್ತು ಲೀಟರ್ ನೀರು, ಅದು ಮೂರೂವರೆ ಕಿಲೋ ಹರಳನ್ನು ಕರಗಿಸಬಲ್ಲದು.

ಚಿಪ್ಪಿನ ಜೀವಿಗಳಿಗೂ ಇದೇ ಗಡಿ. ಉಪ್ಪು ಹೆಚ್ಚಿರುವ ಬಾಯಿಯ ಕಡೆ ಬೆಳಚು ಮತ್ತು ಕಲಗ (ಸಿಂಪಿ), ಚಪ್ಪೆ ಹೆಚ್ಚಾದ ಮೇಲ್ಭಾಗದಲ್ಲಿ ಕಪ್ಪು ಚಿಪ್ಪಿನ ಬೇರೆಯೇ ಜಾತಿ. ನೀರು ಚಪ್ಪೆಯಾದಾಗ ಅವು ಚಿಪ್ಪು ಬಿಗಿದು ಕೆಲವು ದಿನ ತಾಳುತ್ತವೆ. ಆದರೆ ಚಿಪ್ಪು ಮುಚ್ಚಿದಾಗ ಉಸಿರಾಟವೂ ಇಲ್ಲ, ಆಹಾರವೂ ಇಲ್ಲ. ನೆರೆ ಬಹಳ ದಿನ ನಿಂತರೆ ರಾಶಿರಾಶಿ ಸಾಯುತ್ತವೆ. ಮಳೆ ಕಡಿಮೆಯಾಗಿ ಉಪ್ಪು ಮರಳಿದಾಗ ಹೊಸ ಮರಿಗಳು ಕೆಸರಿನಲ್ಲಿ ನೆಲೆಯೂರಿ ಬೇಸಿಗೆಯೊಳಗೆ ಬಲಿಯುತ್ತವೆ. ಇಳಿತದ ದಿಬ್ಬದಲ್ಲಿ ಬಗ್ಗಿ ಬೆಳಚು ಆರಿಸುವವರಲ್ಲಿ ಹೆಂಗಸರೇ ಹೆಚ್ಚು. ಅಂಗಾಲಿನಲ್ಲೇ ಚಿಪ್ಪು ತಡವಿ ತಿಳಿಯುವ ಆ ಕೌಶಲ ನೋಡಿಯೇ ನಂಬಬೇಕು. ಬೆರಳ ತುದಿಯಷ್ಟಿರುವುದನ್ನು ಅಲ್ಲೇ ಬಿಟ್ಟು ಬರಬೇಕು, ಮುಂದಿನ ವರ್ಷದ ಪೀಳಿಗೆ ಅದೇ.

ಬಾಯಿ ತೆರೆದಿರುವುದು ಹೇಗೆ

ಕಡಲಿನ ಅಲೆಗಳು ಮರಳನ್ನು ದಡದುದ್ದಕ್ಕೂ ಸಾಗಿಸಿ ಅಳಿವೆಯ ಬಾಯಿಗೆ ಅಡ್ಡ ಹಾಕುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ಹೊಳೆಗೆ ಅದನ್ನು ತಳ್ಳುವ ಬಲವಿಲ್ಲ. ತಳ್ಳುವುದು ಇಳಿತದ ನೀರು. ಒಳಗಿನ ಒಂದು ಚದರ ಕಿ.ಮೀ. ನೀರು 1.5 ಮೀಟರ್ ಇಳಿದರೆ 150 ಕೋಟಿ ಲೀಟರ್ ಆ ಬಾಯಿಯಿಂದಲೇ ಹೊರಹೋಗಬೇಕು. ಒಳಗೆ ಹರಡಿಕೊಳ್ಳುವ ಜಾಗ ದೊಡ್ಡದಿದ್ದಷ್ಟೂ ಬಾಯಿಯಲ್ಲಿ ಸೆಳೆತ ಜೋರು, ಮರಳು ಕೂರುವುದು ಕಡಿಮೆ. ಗಜನಿಯನ್ನು ವರ್ಷಪೂರ್ತಿ ಮುಚ್ಚಿದರೆ, ಕಾಂಡ್ಲದ ಕೆಸರುಬಯಲನ್ನು ಮಣ್ಣು ಹಾಕಿ ಏರಿಸಿದರೆ, ಉಬ್ಬರಕ್ಕೆ ಹರಡಲು ಜಾಗ ಕಡಿಮೆಯಾಗಿ ಪರಿಣಾಮ ಕೆಲವು ವರ್ಷಗಳಲ್ಲಿ ಬಾಯಿಯ ಹೂಳಿನಲ್ಲಿ ಕಾಣುತ್ತದೆ. ಮೀನುಗಾರರು ಹೂಳೆತ್ತಿ ಎಂದು ಕೇಳುತ್ತಾರೆ. ಹೂಳೆತ್ತಿದರೂ ಒಳಗಿನ ಜಾಗ ಮರಳಿ ಸಿಗದಿದ್ದರೆ ಅದು ಮತ್ತೆ ತುಂಬುತ್ತದೆ.

ದೋಣಿಯವರಿಗೆ ಇನ್ನೊಂದು ಮಾತು. ಇಳಿತದ ಸೆಳೆತ ಹೊರಕ್ಕೆ ಓಡುವಾಗ ಎದುರಿನಿಂದ ಬರುವ ಅಲೆ ಮರಳದಿಬ್ಬದ ಮೇಲೆ ಗಿಡ್ಡವಾಗಿ, ಕಡಿದಾಗಿ ಎದ್ದು ಮುರಿಯುತ್ತದೆ. ದೋಣಿ ಮಗುಚುವ ಅಪಾಯ ಹೆಚ್ಚು ಅಲ್ಲೇ. ಉಬ್ಬರ ಏರುತ್ತಿರುವಾಗ ದಾಟುವುದು ಕ್ಷೇಮ.

ನದಿಯ ತಳದಿಂದ ಮರಳು ತೆಗೆದರೆ ಬೇರೆ ತೊಂದರೆ. ಪಾತ್ರ ಆಳವಾದಷ್ಟೂ ತಳದ ಉಪ್ಪುನೀರು ಇನ್ನೂ ಮೇಲಕ್ಕೆ ಹೋಗುತ್ತದೆ, ದಡದ ಬಾವಿಗಳು ಚೈತ್ರದ ಹೊತ್ತಿಗೇ ಉಪ್ಪಾಗುತ್ತವೆ. ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಬಾವಿಯ ಮಟ್ಟ ಒಂದು ಅಡಿ ಇಳಿದರೆ ಕೆಳಗಿನ ಉಪ್ಪುನೀರು ತಾತ್ವಿಕವಾಗಿ ನಲವತ್ತು ಅಡಿ ಮೇಲೇರಬಲ್ಲದು. ಅಂಥ ಬಾವಿಯನ್ನು ಆಳ ಮಾಡುವುದು ತಪ್ಪು ಚಿಕಿತ್ಸೆ. ಪಂಪನ್ನು ಸಣ್ಣದು ಮಾಡಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ ಎತ್ತಬೇಕು.

ಪಕ್ಕದ ಶರಾವತಿ

ಅಘನಾಶಿನಿಯ ಬಾಯಿಯಿಂದ ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತದೆ. ಅದೇ ಗಟ್ಟ, ಅದೇ ಮಳೆ, ಅದೇ ಉಬ್ಬರ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಅಲ್ಲಿನ ಲೆಕ್ಕ ಬದಲಾಯಿತು. ಮಳೆಗಾಲದ ನೀರು ಮೇಲೆ ಸಂಗ್ರಹವಾಗಿ, ವಿದ್ಯುತ್ ಮಾಡಿದ ಸಿಹಿನೀರು ವರ್ಷವಿಡೀ, ಏಪ್ರಿಲ್‌ನಲ್ಲೂ, ಕೆಳಗೆ ಬರುತ್ತದೆ. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಉಪ್ಪು ಬೇಡುವ ಚಿಪ್ಪಿನ ಜಾತಿಗಳು ಅಲ್ಲಿಂದ ಹಿಂಜರಿದವು, ಚಪ್ಪೆ ತಾಳುವವು ಉಳಿದವು. ನೀರು ಕಡಿಮೆಯಾಗಲಿಲ್ಲ, ಮಲಿನವೂ ಆಗಲಿಲ್ಲ. ಬರಬಾರದ ತಿಂಗಳಲ್ಲಿ ಬಂತು, ಅಷ್ಟಕ್ಕೇ ಇಷ್ಟಾಯಿತು.

2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ 4,801 ಹೆಕ್ಟೇರ್ ವಿಸ್ತಾರದೊಂದಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಪಟ್ಟಿಯ ಗಡಿ ಇರುವುದು ಕೆಳಗೆ ಅಳಿವೆಯ ಸುತ್ತ. ಅದರ ಉಪ್ಪನ್ನು ತೀರ್ಮಾನಿಸುವ ನೀರು ಇರುವುದು ಮೇಲೆ ಶಿರಸಿ–ಸಿದ್ದಾಪುರದ ಕಾಡಿನಲ್ಲಿ. ಹಾಗಾಗಿ ಈ ನದಿಯಿಂದ ನೀರು ತಿರುಗಿಸುವ ಯಾವ ಯೋಜನೆಯ ಮಾತು ಬಂದಾಗಲೂ ವರ್ಷಕ್ಕೆ ಎಷ್ಟು ನೀರು ಎಂಬ ಒಂದು ಅಂಕಿ ಸಾಲದು. ಜೂನ್‌ನಲ್ಲಿ ತೆಗೆದರೆ ಗಜನಿ ತೊಳೆಯುವ ನೀರು ಹೋಗುತ್ತದೆ. ಅಕ್ಟೋಬರ್‌ನಲ್ಲಿ ತೆಗೆದರೆ ಕಗ್ಗ ಬಲಿಯುವ ಮೊದಲೇ ಉಪ್ಪು ಏರುತ್ತದೆ. ಮಳೆಗಾಲದಲ್ಲಿ ತುಂಬಿಟ್ಟು ಬೇಸಿಗೆಯಲ್ಲಿ ಕೆಳಗೆ ಬಿಟ್ಟರೆ ಸಾಣಿಕಟ್ಟಾದ ಮಡಿಗಳಿಗೂ ತದಡಿಯ ಬೆಳಚಿಗೂ ಹೊನ್ನಾವರದ ಗತಿ. ತಿಂಗಳುವಾರು ಪಟ್ಟಿ ಮುಂದಿಟ್ಟುಕೊಂಡು, ಒಂದೊಂದು ತಿಂಗಳ ಎದುರಿಗೂ ದಿವಗಿಯಲ್ಲಿ ಮೇಲಿನ ನೀರಿನ ಉಪ್ಪು ಎಷ್ಟು, ತಳದ್ದು ಎಷ್ಟು ಎಂದು ಬರೆದುಕೊಂಡೇ ಆ ಚರ್ಚೆ ಶುರುವಾಗಬೇಕು.